ಗಟ್ಟಿಯಾಗಿ ಓದಿದ ನಂಬರು

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಮೇಲೆ ನನ್ನ ಮೊದಲ ಕೆಲಸ ಗುಂಡುಸೂಜಿ ಹೆಕ್ಕುವುದು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ಹಿಂದಿನ ದಿನ ಬಿದ್ದ ಸೂಜಿಗಳೆಲ್ಲ ಬಂದು ಅಂಟಿಕೊಳ್ಳುತ್ತವೆ. ಕತ್ತರಿಸುವ ಮೇಜಿನ ಕೆಳಗೆ, ಎರಡು ಹೊಲಿಗೆ ಯಂತ್ರಗಳ ನಡುವೆ, ಇಸ್ತ್ರಿ ಮೇಜಿನ ಕಾಲಿನ ಹತ್ತಿರ. ಬೇರೆ ದಿನವಾದರೆ ಅಷ್ಟು ಹೊತ್ತಿಗೆ ದೊಡ್ಡಕ್ಕ ಕೆಲಸ ಹಂಚುತ್ತಾ, ಕಾಜಾ ತಾತ ಅದಕ್ಕೊಂದು ಕೊಂಕು ತೆಗೆಯುತ್ತಾ ಇರುತ್ತಿದ್ದರು. ಅವತ್ತು ಇಬ್ಬರೂ ಬಂದವರೇ ತಲೆ ಬಗ್ಗಿಸಿ ಕೆಲಸ ಹಿಡಿದರು. ಹಿಂದಿನ ಮಧ್ಯಾಹ್ನ ದೊಡ್ಡಕ್ಕನ ಬ್ಯಾಂಕ್ ಖಾತೆಯಲ್ಲಿದ್ದ ದುಡ್ಡೆಲ್ಲ ಹೋಗಿತ್ತು. ಹೋಗುವುದಕ್ಕೆ ದಾರಿ ಮಾಡಿಕೊಟ್ಟದ್ದು ನನ್ನ ಬಾಯಿ.

ದೊಡ್ಡಕ್ಕ ನನ್ನ ಸ್ವಂತ ಅಕ್ಕನಲ್ಲ, ಅಂಗಡಿಯ ಒಡತಿ. ಆಸ್ಪತ್ರೆ, ಹೋಟೆಲುಗಳ ಕೆಲಸಗಾರರಿಗೆ ನಾವು ಸಮವಸ್ತ್ರ ಹೊಲಿಯುತ್ತೇವೆ. ಅವರು ಬಟ್ಟೆ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ, ತಾತ ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲೇ ಹಾಕುತ್ತಾರೆ. ಏಳನೇ ತರಗತಿಗೆ ಶಾಲೆ ಬಿಟ್ಟು ಮನೆಯ ಮೂಲೆ ಹಿಡಿದಿದ್ದ ನನ್ನನ್ನು ಕರೆದು ಯಂತ್ರದ ಮುಂದೆ ಕೂರಿಸಿದವರು ದೊಡ್ಡಕ್ಕ. ಮೊದಲ ವರ್ಷ ನಾನು ಕೆಡಿಸಿದ ಬಟ್ಟೆಯಲ್ಲಿ ಅಂಗಡಿಗೆಲ್ಲ ಪರದೆ ಹೊಲಿಯಬಹುದಿತ್ತು ಎಂದು ತಾತ ಈಗಲೂ ಹೇಳುತ್ತಾರೆ.

ಅಂಗಡಿಯಲ್ಲಿ ಫೋನಿಗೊಂದು ರೂಢಿ ಇತ್ತು. ಎಂಟು ಪದರ ಬಟ್ಟೆಯ ಮೇಲೆ ಕತ್ತರಿ ನಡೆಯುವಾಗ ಕೈ ತೆಗೆದರೆ ಪದರ ಜಾರುತ್ತದೆ. ಹಾಗಾಗಿ ದೊಡ್ಡಕ್ಕನ ಫೋನು ನನ್ನ ಯಂತ್ರದ ಪಕ್ಕದ ಗೂಡಿನಲ್ಲಿರುತ್ತಿತ್ತು. ಯಾರು ಕರೆ ಮಾಡಿದರೂ ನಾನು ಸ್ಪೀಕರಿಗೆ ಹಾಕಬೇಕು, ಯಾವ ಮೆಸೇಜು ಬಂದರೂ ಗಟ್ಟಿಯಾಗಿ ಓದಬೇಕು. ಹೆಚ್ಚಾಗಿ ಬರುತ್ತಿದ್ದದ್ದು ಅಳತೆಗಳು. ಎದೆ ಮೂವತ್ತೆಂಟು, ತೋಳು ಇಪ್ಪತ್ತೆರಡು. ನಾನು ಓದುವುದು, ಅವರು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆಯುವುದು. ನಾಲ್ಕು ಜನರೆದುರು ನನ್ನ ದನಿ ಏಳುವುದಿಲ್ಲ. ಅಂಕಿ ಓದುವಾಗ ಮಾತ್ರ ಬೀದಿಗೆ ಕೇಳುವಷ್ಟು ಏಳುತ್ತಿತ್ತು.

ಅವತ್ತು ಕರೆ ಬಂದಾಗ ಫೋನಿನ ಮೇಲೆ ಬ್ಯಾಂಕಿನ ಹೆಸರೇ ಕಾಣಿಸಿತು. ಮಾತಾಡಿದವನು ತುಂಬ ಮರ್ಯಾದಸ್ಥ. ಯಾರೋ ನಿಮ್ಮ ಖಾತೆಗೆ ಕೈ ಹಾಕಿದ್ದಾರೆ, ನಾವು ತಡೆಯುತ್ತಿದ್ದೇವೆ, ಕರೆ ಕಟ್ ಮಾಡಬೇಡಿ ಎಂದ. ಖಾತೆಯ ನಂಬರನ್ನೂ ಅವನೇ ಸರಿಯಾಗಿ ಹೇಳಿದ. ದೊಡ್ಡಕ್ಕನ ಕೈ ಬಟ್ಟೆಯ ಮೇಲೇ ಇತ್ತು. ಒಂದು ಮೆಸೇಜು ಬಂತಾ ನೋಡಿ ಎಂದು ಅವನು ಕೇಳಿದ, ಅಷ್ಟೆ. ಬಂದಿತ್ತು. ಎಂದಿನಂತೆ ನಾನು ದೊಡ್ಡಕ್ಕನಿಗೆ ಕೇಳುವ ಹಾಗೆ ಓದಿದೆ. ನಂಬರು ಮೊದಲಿತ್ತು, ಇದನ್ನು ಯಾರಿಗೂ ಹೇಳಬೇಡಿ ಎಂಬುದು ಕೊನೆಗಿತ್ತು. ಎರಡನ್ನೂ ಗಟ್ಟಿಯಾಗಿ ಓದಿದೆ. ಸ್ಪೀಕರಿನ ಆಚೆ ಅವನೂ ಕೇಳಿಸಿಕೊಂಡ. ಆಮೇಲೆ ಇನ್ನೂ ಎರಡು ಮೆಸೇಜು ಬಂದವು. ಅವನ್ನೂ ಓದಿದೆ.

ಮೂರು ಸಲಕ್ಕೆ ಖಾತೆ ಬರಿದಾಯಿತು. ಕಾಜಾ ಹಾಕುವ ಯಂತ್ರ ಕೊಳ್ಳಲು ದೊಡ್ಡಕ್ಕ ಎರಡು ವರ್ಷದಿಂದ ಕೂಡಿಟ್ಟ ದುಡ್ಡು ಅದು. ತಾತನ ಕಣ್ಣು ಮಂಜಾಗುತ್ತಿತ್ತು. ಯಂತ್ರ ಬಂದರೆ ಅವರು ಬರೀ ಮೇಲ್ವಿಚಾರಣೆ ನೋಡಿಕೊಂಡು ಇರಲಿ ಎಂದು ದೊಡ್ಡಕ್ಕನ ಆಸೆ.

ಹತ್ತು ಗಂಟೆಗೆ ದೊಡ್ಡಕ್ಕನ ತಮ್ಮ ಬಂದರು. ಅಂಗಡಿಗೆ ಬಟ್ಟೆಯ ಥಾನು ತಂದುಹಾಕುವವರು ಅವರೇ. ವಿಷಯ ಕೇಳಿ ಮೊದಲು ಅಕ್ಕನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಅಯಸ್ಕಾಂತದಿಂದ ಸೂಜಿ ಬಿಡಿಸುತ್ತಾ ತಲೆ ಎತ್ತಲಿಲ್ಲ. ಅವರು ಎರಡು ಮಾತು ಹೇಳಿದರು. ಒಂದು, ನಂಬರನ್ನು ಯಾರಿಗೂ ಹೇಳಿಲ್ಲ ಅಂತಲೇ ಬ್ಯಾಂಕಿಗೆ ಬರೆದು ಕೊಡಬೇಕು. ಹೇಳಿದ್ದೇವೆ ಎಂದರೆ ಅವರು ಕೈ ತೊಳೆದುಕೊಳ್ಳುತ್ತಾರೆ. ಎರಡನೆಯದನ್ನು ನನ್ನ ಕಡೆ ತಿರುಗಿಯೇ ಹೇಳಿದರು.

"ಅದೂ ಆಗ್ಲಿಲ್ಲ ಅಂದ್ರೆ, ಯಾರ ಬಾಯಿಂದ ಹೋಯ್ತೋ ಅವರ ಸಂಬಳದಲ್ಲಿ ಹಿಡಿ ಅಕ್ಕ."

ತಾತ ಕಾಜಾದ ಕೊನೆಯ ಗಂಟು ಹಾಕಿ ದಾರ ಕಚ್ಚಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಕಳ್ಳ ಎಲ್ಲೋ ಹಾಯಾಗಿದಾನೆ, ಇಲ್ಲಿ ನಮ್ಮ ಹುಡುಗಿ ಹತ್ರ ಇದ್ದಾಳೆ. ಕೈಗೆ ಸಿಗೋರು ಇವಳೇ ಅಲ್ವಾ?"

ದೊಡ್ಡಕ್ಕ ಚಪ್ಪಲಿ ಮೆಟ್ಟಿಕೊಂಡು, ಬಾ ಎಂದು ನನಗೆ ಸನ್ನೆ ಮಾಡಿದರು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅರ್ಧ ಸಂಬಳ ಹಿಡಿದರೆ ನಾಲ್ಕು ವರ್ಷ. ನನ್ನ ಸಂಬಳದಿಂದಲೇ ನಮ್ಮ ಮನೆಯ ಬಾಡಿಗೆ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಬೇರೆ. ನಾಳೆಯಿಂದ ಬರಬೇಡ ಎಂದುಬಿಟ್ಟರೆ ನಾನು ಮತ್ತೆ ಅದೇ ಮೂಲೆಗೆ ಹೋಗಬೇಕಿತ್ತು.

ಬ್ಯಾಂಕಿನಲ್ಲಿ ಗಾಜಿನ ಆಚೆ ಕೂತಿದ್ದ ಅಧಿಕಾರಿಗೆ ನಿದ್ದೆ ಸಾಲದ ಮುಖ. ಈ ವಾರ ಇಂಥದ್ದು ಐದನೆಯದು ಎಂದು ಹೇಳಿ ಒಂದು ಅರ್ಜಿ ಕೊಟ್ಟರು. ಅಕ್ಷರ ಸಣ್ಣದಿತ್ತು, ಬರೆಯುವ ಕೆಲಸ ನನಗೇ ಬಂತು. ಹೆಸರು, ವಿಳಾಸ, ಕರೆ ಬಂದ ಸಮಯ. ಏಳನೆಯ ಪ್ರಶ್ನೆ: ಗುಪ್ತ ಸಂಖ್ಯೆಯನ್ನು ಯಾರಿಗಾದರೂ ತಿಳಿಸಿದ್ದೀರಾ? ಹೌದು, ಇಲ್ಲ, ಎದುರಿಗೆ ಒಂದೊಂದು ಪುಟ್ಟ ಚೌಕ.

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಇಲ್ಲ ಎಂದು ಗುರುತು ಹಾಕಿದರೆ ದುಡ್ಡು ಬರಬಹುದು, ನಾನೂ ಉಳಿಯಬಹುದು. ಆ ಚೌಕದ ಮೇಲೆ ಪೆನ್ನಿನ ಮೊನೆ ಇಟ್ಟಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ದೊಡ್ಡಕ್ಕ ಬೆರಳಿನಿಂದ ನನ್ನ ಪೆನ್ನನ್ನು ಮೆಲ್ಲಗೆ ಆಚೆ ಸರಿಸಿದರು. ಸುಳ್ಳು ಬರೆದು ನನ್ನ ಕೈ ಕೆಡುವುದು ಅವರಿಗೆ ಬೇಡವಾಗಿತ್ತು. ನಾನು ಹೌದು ಎಂದು ಗುರುತು ಹಾಕಿದೆ.

ಅಧಿಕಾರಿ ಅದನ್ನು ನೋಡಿ ಉಸಿರುಬಿಟ್ಟರು. ಹೀಗೆ ಬರೆದರೆ ನಷ್ಟ ಗ್ರಾಹಕರದ್ದೇ ಆಗುತ್ತದೆ, ಮೆಸೇಜಿನಲ್ಲೇ ಎಚ್ಚರಿಕೆ ಇತ್ತಲ್ಲ ಎಂದರು. ಹೇಳಿದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆದೆ, ದನಿ ಬರಲಿಲ್ಲ.

"ಓದಿದ್ದು ಇವಳು," ಎಂದರು ದೊಡ್ಡಕ್ಕ. "ಓದು ಅಂತ ರೂಢಿ ಮಾಡಿದ್ದು ನಾನು. ಅದು ನನ್ನ ತಪ್ಪು, ಬರ್ಕೊಳ್ಳಿ. ಇವಳ ಹೆಸರು ಬರೀಬೇಡಿ. ಈಗ ನಿಮ್ಮದು ಹೇಳಿ. ನಾನು ದಿನಾ ತಗೊಳ್ಳೋದಕ್ಕಿಂತ ಹತ್ತು ಮೀಟರ್ ಬಟ್ಟೆ ಜಾಸ್ತಿ ಕೇಳಿದ್ರೆ ನನ್ನ ತಮ್ಮ ಫೋನ್ ಮಾಡಿ, ನಿಜವಾಗ್ಲೂ ಬೇಕಾ ಅಂತಾನೆ. ಎರಡು ವರ್ಷ ದುಡ್ಡು ಹಾಕಿದ್ದೇ ಹೊರತು ತೆಗೆದಿಲ್ಲ. ಇದ್ದಕ್ಕಿದ್ದ ಹಾಗೆ ಗುರುತಿಲ್ಲದವನ ಖಾತೆಗೆ ಒಂಬತ್ತು ನಿಮಿಷದಲ್ಲಿ ಮೂರು ಸಲ ಹೋಯ್ತಲ್ಲ. ನೀವು ಒಂದ್ಸಲ ಬೇಕಾ ಅಂತ ಕೇಳಿದ್ರಾ?"

ಅಧಿಕಾರಿ ಕಂಪ್ಯೂಟರಿನಲ್ಲಿ ಸಮಯ ನೋಡಿದರು, ಒಂದು ಕಾಗದದಲ್ಲಿ ಗುರುತು ಮಾಡಿಕೊಂಡರು. ಈ ಮಾತನ್ನು ಹೀಗೆಯೇ ಅರ್ಜಿಯ ಹಿಂದೆ ಬರೆಯಿರಿ ಎಂದು ನನಗೆ ಹೇಳಿದರು. ಅವರೂ ಬೇರೆಯವರ ಕೈಕೆಳಗೆ ದುಡಿಯುವವರು. ಆದರೂ ನಮ್ಮನ್ನು ಬೇಗ ಅಟ್ಟಬೇಕು ಎಂದು ಅವಸರ ಮಾಡಲಿಲ್ಲ. ನಾನು ಬರೆದೆ. ಶಾಲೆ ಬಿಟ್ಟ ಮೇಲೆ ಅಷ್ಟುದ್ದ ಬರೆದದ್ದು ಅದೇ ಮೊದಲು. ಇವಳ ಹೆಸರು ಬರೀಬೇಡಿ ಎಂದದ್ದು ಕಿವಿಯಲ್ಲೇ ಇತ್ತು. ಎರಡು ಕಡೆ ಶಾಯಿ ಒದ್ದೆಯಾಗಿ ಹರಡಿತು.

ಮರಳುವಾಗ ನನಗೆ ಏನಾದರೂ ಹೇಳಬೇಕು ಅನಿಸುತ್ತಿತ್ತು. ದೊಡ್ಡಕ್ಕ ನಡೆಯುತ್ತಲೇ, ಇನ್ನು ಮೇಲೆ ಅಳತೆ ಬಿಟ್ಟು ಬೇರೆ ಮೆಸೇಜು ಬಂದರೆ ಫೋನು ತನ್ನ ಕಣ್ಣೆದುರು ಹಿಡಿಯಬೇಕು ಎಂದರು. ಬಟ್ಟೆಯ ಪದರ ಜಾರಿದರೆ ಜಾರಲಿ. ಬೈಗುಳ ಎಂದು ಸಿಕ್ಕಿದ್ದು ನನಗೆ ಅಷ್ಟೇ.

ಐದು ವಾರಗಳ ಮೇಲೆ ಪತ್ರ ಬಂತು. ಮೂರರಲ್ಲಿ ಕೊನೆಯ ಮೊತ್ತ ಕಳ್ಳನ ಖಾತೆಯಿಂದ ಮುಂದೆ ದಾಟುವ ಮೊದಲೇ ಸಿಕ್ಕಿಬಿದ್ದು ವಾಪಸು ಬಂದಿತ್ತು. ಎರಡನೆಯದನ್ನು ತಾನು ತಡೆಯಬೇಕಿತ್ತೆಂದು ಒಪ್ಪಿ ಬ್ಯಾಂಕು ಅದರ ಅರ್ಧವನ್ನು ತುಂಬಿಕೊಟ್ಟಿತು. ಉಳಿದದ್ದು ಹೋಯಿತು. ತಮ್ಮ ಬಂದು ಪತ್ರ ಓದಿ, ಸುಳ್ಳು ಹೇಳಿದ್ದರೆ ಪೂರ್ತಿ ಬರುತ್ತಿತ್ತೇನೋ ಎಂದು ಗೊಣಗಿದರು. ಆದರೆ ಆ ತಿಂಗಳ ಬಟ್ಟೆಯ ದುಡ್ಡನ್ನು ಮುಂದಿನ ತಿಂಗಳು ಕೊಡು ಎಂದು ಅಕ್ಕನಿಗೆ ಹೇಳಿದ್ದೂ ಅವರೇ. ಹೋಗುವಾಗ, ನನ್ನ ಕಡೆ ನೋಡದೆ, ಊಟ ಮಾಡಿದ್ಯಾ ಎಂದು ಕೇಳಿದರು. ನಾನು ತಲೆ ಆಡಿಸಿದೆ.

ಯಂತ್ರದ ಮಾತು ಮುಂದಕ್ಕೆ ಹೋಯಿತು. ತಾತ ಕನ್ನಡಕ ಬದಲಾಯಿಸಿಕೊಂಡು ಬಂದರು. ಕಳ್ಳ ಪುಣ್ಯಾತ್ಮ, ನನ್ನ ನೌಕರಿ ಉಳಿಸಿದ ಎಂದು ಗಿರಾಕಿಗಳೆದುರು ಹೇಳಿ ನಗಿಸುತ್ತಿದ್ದರು. ಆದರೆ ಸೂಜಿಗೆ ದಾರ ಪೋಣಿಸಲು ಅವರಿಗೆ ಮೂರು ಸಲ ಬೇಕಾಗುತ್ತಿತ್ತು. ಅವರು ಕೇಳದೆಯೇ ನಾನು ಹತ್ತು ಸೂಜಿಗೆ ದಾರ ಹಾಕಿ ಅವರ ಸೂಜಿ ದಿಂಬಿಗೆ ಚುಚ್ಚಿಡತೊಡಗಿದೆ. ಅವರೂ ಒಂದೊಂದೇ ತೆಗೆದುಕೊಳ್ಳುತ್ತಿದ್ದರು.

ತಿಂಗಳ ಕೊನೆಗೆ ಸಂಬಳದ ಲಕೋಟೆ ಬಂತು. ಎಣಿಸಿದೆ, ಪೂರ್ತಿ ಇತ್ತು. ಕಳೆದ ತಿಂಗಳೂ ಹೀಗೆಯೇ ಪೂರ್ತಿ ಬಂದಿತ್ತು, ಆಗ ಬಾಯಿ ಬಂದಿರಲಿಲ್ಲ. ನನ್ನ ತಪ್ಪನ್ನು ಇವರು ಹೊಟ್ಟೆಗೆ ಹಾಕಿಕೊಂಡ ರೀತಿಗೆ ಜನ್ಮವೆಲ್ಲ ಹೊಲಿದರೂ ತೀರುವುದಿಲ್ಲ. ಆದರೂ ಸ್ವಲ್ಪವಾದರೂ ನನ್ನ ಹೆಗಲಿಗೂ ಇರಲಿ ಅನಿಸಿತು. ಮನೆಯ ಬಾಡಿಗೆಯನ್ನು ಬದಿಗಿಟ್ಟು, ಉಳಿದದ್ದರಲ್ಲಿ ಮೂರು ನೋಟು ತೆಗೆದು ಕತ್ತರಿಸುವ ಮೇಜಿನ ಅಂಚಿಗೆ ಇಟ್ಟೆ. ದೊಡ್ಡಕ್ಕ ನೀಲಿ ಬಟ್ಟೆಯ ಪದರಗಳ ಮೇಲೆ ಬಾಗಿದ್ದರು. ತಾತ ಕಿಟಕಿಯ ಬೆಳಕಿಗೆ ಕಾಜಾ ಹಿಡಿದು ನೋಡುತ್ತಿದ್ದರು.

"ದೊಡ್ಡಕ್ಕ, ತಿಂಗಳಿಗೆ ಇಷ್ಟು ಹಿಡ್ಕೊಳ್ಳಿ," ಎಂದೆ.

ದೊಡ್ಡಕ್ಕ ನೋಟುಗಳನ್ನು ಹಿಂದಕ್ಕೆ ತಳ್ಳಲಿಲ್ಲ; ಕತ್ತರಿ ಬಟ್ಟೆಯೊಳಗೆ ನಡೆಯುತ್ತಲೇ ಇತ್ತು.