ತುಮಿಯಜ್ಜಿಯ ಕೈಗುಣ

ಪಟ್ಟಣದ ಆಸ್ಪತ್ರೆಯಲ್ಲಿದ್ದ ವಾರ್ಸಿದಿಯನ್ನು ನೋಡಲು ಊರಿಗೆ ಊರೇ ಲಾರಿ ಹತ್ತಿತು. ಆಸ್ಪತ್ರೆ ಸೇರಿದವರನ್ನು ಒಬ್ಬೊಬ್ಬರಾಗಿ ಹೋಗಿ ನೋಡುವ ಪದ್ಧತಿ ಜಾವಾದ ಆ ಹಳ್ಳಿಯಲ್ಲಿಲ್ಲ. ಹಾಗಾಗಿ ಮೈಕೈ ನೀವುವ ತುಮಿಯಜ್ಜಿಗೂ ತಪ್ಪಿಸಿಕೊಳ್ಳಲಾಗಲಿಲ್ಲ.

ಮಳೆಗಾಲವಿಡೀ ವಾರ್ಸಿದಿಯ ನೋಯುವ ಕಾಲನ್ನು ನೀವಿದವಳು ಅವಳೇ. ಅಲ್ಲಿ ಯಾವ ನೋವಿಗೂ ಮೊದಲ ಆರೋಪಿ ಮೈಯೊಳಗೆ ಹೊಕ್ಕ ಗಾಳಿ. ಎಣ್ಣೆ ಹಚ್ಚಿ ನಾಣ್ಯದಿಂದ ಕೆರೆದರೆ ಕೆಂಪು ಬರೆ ಏಳಬೇಕು, ಗಾಳಿ ಹೊರಟಿತೆಂದು ಅರ್ಥ. ವಾರ್ಸಿದಿಯ ತಣ್ಣನೆಯ ಕಾಲಿನ ಮೇಲೆ ಎಷ್ಟು ಕೆರೆದರೂ ಕೆಂಪೇ ಏಳಲಿಲ್ಲ. ಅಜ್ಜಿಯ ಎದೆ ಧಸಕ್ಕೆಂದಿತ್ತು. ಆದರೂ "ಗಾಳಿ ಆಳಕ್ಕಿಳಿದಿದೆ, ಆಸ್ಪತ್ರೆ ಗೀಸ್ಪತ್ರೆ ಬೇಡ" ಎಂದುಬಿಟ್ಟಳು. ಗೊತ್ತಿಲ್ಲ ಎಂದರೆ ಇಷ್ಟು ವರ್ಷದ ಹೆಸರು ಏನಾಗಬೇಕು!

ಕಾಲಿನ ಹೆಬ್ಬೆರಳು ಕಪ್ಪಾದ ಮೇಲೆ ಹೆಂಡತಿ ಲಾಸಿನೆಮ್ ಅವನನ್ನು ಪಟ್ಟಣಕ್ಕೆ ಒಯ್ದಳು. ಕಟ್ಟಿಹೋದ ರಕ್ತನಾಳವನ್ನು ಬಿಟ್ಟು ಬೇರೆ ದಾರಿಯಲ್ಲಿ ರಕ್ತ ಕೆಳಗಿಳಿಯಲೆಂದು, ಅವನ ತೊಡೆಯಿಂದಲೇ ಒಂದು ನಾಳ ತೆಗೆದು ಡಾಕ್ಟರು ಹೊಲಿದರು. ಕಾಲು ಉಳಿಯಿತು, ಬೆರಳು ಹೋಯಿತು.

"ಬನ್ನಿ ಅಜ್ಜಿ!" ಅವಳು ಕೋಣೆಯ ಬಾಗಿಲಲ್ಲಿ ಕಂಡೊಡನೆ ವಾರ್ಸಿದಿಯ ಮುಖ ಅರಳಿತು. "ಡಾಕ್ಟ್ರು ಈಗ ಹೊಲಿದ್ರು ಸರಿ. ಅಲ್ಲೀತನಕ ಕಾಲು ಕಾಪಾಡಿದ್ದು ಈ ಅಜ್ಜಿ ಕೈಗುಣ ಕಣ್ರೋ."

"ನಿನ್ನ ಲವಂಗದ ಸಿಗರೇಟು ಕಾಪಾಡ್ತು ಅನ್ಲಿಲ್ವಲ್ಲ, ಪುಣ್ಯ!" ಎಂದು ಯಾರೋ ಕಾಲೆಳೆದರು. ಎಲ್ಲರೂ ನಕ್ಕರು. ಅಜ್ಜಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಮೀನಖಂಡ ಹಿಡ್ಕೊಂಡಿದೆ, ಸ್ವಲ್ಪ ನೀವಿ ಅಜ್ಜಿ."

"ನನ್ ಕೈ ನೋಯ್ತಿದೆ ಕಣಪ್ಪ."

"ನೀವು ಕೂತ್ಕೊಳ್ಳಿ, ನಾನೇ ಒತ್ತೀನಿ," ಎಂದು ಲಾಸಿನೆಮ್ ಎಣ್ಣೆ ಶೀಸೆ ತೆಗೆದಳು. "ಹೊಲಿಗೆ ಕಾಲು ಮುಟ್ಲೇಬೇಡಿ ಅಂದಿದಾಳೆ ನರ್ಸಮ್ಮ. ಗಾಳಿ ವಿಷ್ಯ ಅವಳಿಗೇನ್ ಗೊತ್ತು?"

ಅವಳ ಹೆಬ್ಬೆರಳು ಕಾಲಿಗೆ ತಾಗುವಷ್ಟರಲ್ಲಿ ಅಜ್ಜಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮುಟ್ಬೇಡ ಕಣೇ! ಅದು ಗಾಳಿ ಅಲ್ಲ. ಕೆಂಪು ಏಳ್ದೇ ಇದ್ದಾಗ್ಲೇ ನಂಗೆ ಅನುಮಾನ ಬಂತು. ನಂಗ್ ತಿಳೀದು ಅನ್ನೋಕೆ ನಾಚಿಕೆಯಾಯ್ತು, ಆಸ್ಪತ್ರೆ ಬೇಡ ಅಂದ್ಬಿಟ್ಟೆ."

ವಾರ್ಸಿದಿ ಗೋಡೆಯ ಕಡೆ ಮುಖ ತಿರುಗಿಸಿದ. ಅಜ್ಜಿ ನಾಚಿಕೆಯಿಂದ ಹಿಡಿಯಷ್ಟಾದಳು. ಲಾಸಿನೆಮ್ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.

"ಆಗ್ಲೇ ಕರ್ಕೊಂಡ್ ಬಂದಿದ್ರೆ ಬೆರಳು ಉಳೀತಿತ್ತಾ ಅಜ್ಜಿ?"

ಇನ್ನೊಂದು ಸುಳ್ಳು ಅಜ್ಜಿಯ ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಉಳೀತಿತ್ತೇನೋ ಮಗಳೇ," ಎಂದಳು.