ಮೊದಲ ದೋಣಿಯ ರೇಷ್ಮೆ

ರೇಷ್ಮೆ ನೂಲಿನ ಲಡಿಗಳನ್ನು ಗಂಟು ಕಟ್ಟಲು ಎತ್ತಿಕೊಂಡಾಗ ತೊಸೆಯ ಬೆರಳಿಗೆ ತೇವ ತಗುಲಿತು.

"ಅತ್ತೆ, ಇದಕ್ಕೆ ನೀರು ಬಿತ್ತಾ?"

"ಬೀಳೋದೇನು, ನಾನೇ ಬಾಯಲ್ಲಿ ತುಂಬ್ಕೊಂಡು ಹದವಾಗಿ ಸಿಂಪಡಿಸಿದೆ," ಎಂದರು ಶಿಗೆ, ಹೆಮ್ಮೆಯಿಂದ. "ಕಿಮೊನೊ ಮಡಿಸೋ ಮುಂಚೆ ಮಾಡಲ್ವಾ, ಹಾಗೆ. ಹೊಳಪು ನೋಡು! ಕುರಿಹಾರ ಮನೆತನದ ನೂಲು ಅಂದ್ರೆ ಪರದೇಶದವರು ಬೆರಗಾಗ್ಬೇಕು."

ತೊಸೆ ಲಡಿಯನ್ನು ಕೆಳಗಿಟ್ಟಳು. ತೇವದ ರೇಷ್ಮೆ ಹಡಗಿನಲ್ಲಿ ಬೂಷ್ಟು ಹಿಡಿಯುತ್ತದೆ. ತೂಕಕ್ಕಾಗಿ ನೀರು ಹಾಕಿದ್ದಾರೆಂದೇ ನಾಗಸಾಕಿಯ ವಿದೇಶಿ ವರ್ತಕರು ತಿಳಿಯುತ್ತಾರೆ. ಅಲ್ಲಿಗೆ, ಊರಿಗೆ ಈ ರೇಷ್ಮೆ ವ್ಯಾಪಾರ ತಂದ ಹಾಯಸೆ ಗುರುಗಳ ಕೆಲಸ ಮುಗಿದಂತೆ.

ಪ್ರಜೆಗಳು ಹಸಿದಿರುವಾಗ ದೊರೆಯ ಬೊಕ್ಕಸ ತುಂಬಿದ್ದರೇನು ಎಂದು ದೊರೆಯ ಎದುರೇ ಕೇಳಿದವರು ಅವರು. ಮನೆಮನೆಗೆ ರೇಷ್ಮೆಗೂಡು ಕೊಡಿಸಿ, ಮುಂಗಡ ಕೊಡಿಸಿ, ಯೋಧರ ಮನೆಯ ಹೆಂಗಸರಿಂದಲೂ ನೂಲು ತೆಗೆಸಿದ್ದರು. ಈ ಚಳಿಗಾಲ ತೊಸೆಯ ಬೀದಿಯಲ್ಲಿ ಯಾರ ಮನೆಯ ಗಂಜಿಯೂ ನೀರಾಗಿರಲಿಲ್ಲ. ಆದರೆ ಕೋಟೆಯ ಹಿರಿಯರು, ಕತ್ತಿ ಹಿಡಿದ ಮನೆಗಳಿಗೆ ತಕ್ಕಡಿ ಹಿಡಿಸಿದನೆಂದು ಕುದಿಯುತ್ತಿದ್ದರು. ನಾಗಸಾಕಿಗೆ ಹೊರಟ ಈ ಮೊದಲ ದೋಣಿ ಸೋತರೆ ಗುರುಗಳಿಗೆ ಗಡೀಪಾರು.

ಊರಿನ ಬಂದರಿನಲ್ಲಿ ಗುರುಗಳು ಮೂಟೆಯ ಮೇಲೆ ಕುಳಿತು ಹಮಾಲರೊಂದಿಗೆ ಹರಟುತ್ತಿದ್ದರು. ಅತ್ತೆಯೊಡನೆ ಬಂದ ತೊಸೆ ಗಂಟನ್ನು ಅವರ ಮುಂದಿಟ್ಟು ಹೇಳಿಯೇಬಿಟ್ಟಳು. "ನಮ್ಮ ಮನೇದು ಬೇಡ ಗುರುಗಳೇ. ತೇವ ಇದೆ."

ಕೋಟೆಯ ಅಧಿಕಾರಿ ಓನುಕಿ ಹಿಂದಿನಿಂದ ನಕ್ಕ. "ಕೇಳಿದ್ರಾ? ತೂಕಕ್ಕೆ ನೀರು! ಯೋಧರ ಮನೆಯವರು ವ್ಯಾಪಾರ ಎಷ್ಟು ಬೇಗ ಕಲಿತ್ರಪ್ಪ!"

ತೊಸೆಯ ತಲೆ ತಗ್ಗಿತು. ಆದರೆ ಶಿಗೆ ಊರುಗೋಲು ಕುಟ್ಟುತ್ತ ಮುಂದೆ ಬಂದರು.

"ಹಾಕಿದ್ದು ನಾನು. ಅಂದಕ್ಕೆ ಹಾಕಿದ್ದು, ನನ್ನಜ್ಜಿ ಕಲಿಸಿದ ಹಾಗೆ. ಮುದುಕಿಗೆ ಹಡಗಿನ ವಿಷಯ ಏನು ಗೊತ್ತು? ನಗೋದಾದ್ರೆ ನನ್ನ ನೋಡಿ ನಗು, ನನ್ನ ಸೊಸೇನ ಅಲ್ಲ."

ಗುರುಗಳು ಮೂಟೆಯಿಂದಿಳಿದು, ದೊರೆಗೆ ಬಾಗುವಷ್ಟೇ ಬಾಗಿ ನಮಸ್ಕರಿಸಿದರು. "ತಾಯಿ, ಉಪಕಾರವಾಯ್ತು." ಆಮೇಲೆ ನೆರೆದಿದ್ದ ಹೆಂಗಸರತ್ತ ತಿರುಗಿದರು. "ಇನ್ಯಾರ ಮನೇಲಿ ಇಂಥ ಅಜ್ಜಿ ಇದಾರೆ? ಹೇಳ್ಬಿಡಿ, ಯಾರೂ ಬೈಯಲ್ಲ."

ಎಲ್ಲರೂ ನಕ್ಕರು. ಮೊದಲು ಒಬ್ಬಳು, ಆಮೇಲೆ ಇನ್ನೊಬ್ಬಳು, ಹಾಗೆ ಬೀದಿಯ ಅರ್ಧ ಮನೆಗಳ ಗಂಟುಗಳು ದೋಣಿಯಿಂದ ಹಿಂದೆ ಬಂದವು.

"ದೋಣಿ ಅರ್ಧ ಖಾಲಿ," ಎಂದ ಓನುಕಿ.

"ಹಗುರವಾಗೇ ಹೋಗಲಿ," ಎಂದರು ಗುರುಗಳು. "ಒಣಗಿದೆ ಅಂತ ನಾವು ಕೊಟ್ಟಿದ್ದು ಒಣಗೇ ಇರ್ಬೇಕು. ಅದೊಂದು ನಂಬಿಕೆ ಬಂದ್ರೆ ಮುಂದಿನ ದೋಣಿ ವರ್ತಕರೇ ಕೇಳ್ತಾರೆ ನೋಡಿ."

ಚಳಿ ಕಳೆದು ಪ್ಲಮ್ ಹೂ ಉದುರುವ ಹೊತ್ತಿಗೆ ನಾಗಸಾಕಿಯಿಂದ ಸುದ್ದಿ ಬಂತು: ಇದ್ದಷ್ಟೂ ಕಳಿಸಿ. ಗಡೀಪಾರಿನ ಮಾತನ್ನು ಯಾರೂ ಎತ್ತಲಿಲ್ಲ. ಅದೇ ವಾರ ಓನುಕಿಯ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು, ಯಾರಾದರೂ ಕಂಡಾರೆಂದು ಅತ್ತಿತ್ತ ನೋಡುತ್ತ, ಹಿಪ್ಪುನೇರಳೆ ಕಡ್ಡಿ ನೆಡುವುದು ಹೇಗೆಂದು ಶಿಗೆಯನ್ನು ಕೇಳಿದಳು.