ಮೊದಲು ಬಾಯಿಗೆ ಬಿದ್ದದ್ದು

ರೊಸ್ಮೀರಾ ಎದುರಾದವರ ಯೋಗಕ್ಷೇಮ ವಿಚಾರಿಸುತ್ತಿರಲಿಲ್ಲ, "ಇವತ್ತು ಬೆಳಿಗ್ಗೆ ಬಾಯಿಗೆ ಮೊದಲು ಏನು ಬಿತ್ತು?" ಎಂದು ಕೇಳುತ್ತಿದ್ದರು. ಚೌಕದ ಕಟ್ಟೆಯ ಮುದುಕರಿರಲಿ, ಪೂಜೆಗೆ ಹೊರಟ ಪಾದ್ರಿಗಳೇ ಇರಲಿ, ಯಾರಿಗೂ ವಿನಾಯಿತಿಯಿರಲಿಲ್ಲ. ಕಟುಕನೊಮ್ಮೆ "ನಿಮ್ಮ ನೆನಪೇ ಬಿತ್ತು, ನರ್ಸಮ್ಮ" ಎಂದು ಚೇಷ್ಟೆ ಮಾಡಿದ್ದಕ್ಕೆ, "ಹಾಗಾದ್ರೆ ಹೊಟ್ಟೆ ಖಾಲಿ ಇದೆ. ಬಾ, ರಕ್ತ ತೆಗೀತೀನಿ" ಎಂದು ಅವನ ತೋಳನ್ನೇ ಹಿಡಿದುಕೊಂಡಿದ್ದರು.

ಗಿಡ್ಡ ದೇಹ, ತುಂಬಿದ ಕೆನ್ನೆ, ಇಳಿಜಾರಿನ ಬೀದಿಗಳಲ್ಲಿ ಅಡ್ಡಡ್ಡವಾಗಿ ಹೆಜ್ಜೆಯಿಡುವ ನಡಿಗೆ, ಬಿಸಿಲಿರಲಿ ಮಂಜಿರಲಿ ಬಿಳಿಯ ಸಮವಸ್ತ್ರದ ಮೇಲೆ ತೀರಿಕೊಂಡ ಅಣ್ಣನ ಕಂದು ಉಣ್ಣೆಯ ಕೋಟು, ಅದರ ಬಲಜೇಬನ್ನು ಜೋತುಬೀಳಿಸಿದ ಒಂದು ತಗಡಿನ ಲೋಟ: ನಮ್ಮ ಸಾನ್ ಹೆನಾರೋ ಊರಿನ ಆರೋಗ್ಯಕೇಂದ್ರವೆಂದರೆ ಇಷ್ಟೇ ಎಂದು ನಾವು ನಗುತ್ತಿದ್ದೆವು. ಥೈರಾಯ್ಡ್ ಗುಳಿಗೆ ಹೊಸದಾಗಿ ಶುರುವಾದವರ ಮನೆಗೆ ಅವರು ತಪ್ಪದೆ ಹೋಗುತ್ತಿದ್ದರು. ಆದರೆ ಆ ಮನೆಯ ಕಾಫಿ ಕುಡಿಯುವ ತನಕ ಗುಳಿಗೆಯ ಮಾತೆತ್ತುತ್ತಿರಲಿಲ್ಲ. ಕಾಫಿ ಬೆಳೆಯುವ ಈ ಗುಡ್ಡಗಳಲ್ಲಿ ಕೊಟ್ಟ ಕಾಫಿಯನ್ನು ಬೇಡವೆಂದರೆ ಕೊಟ್ಟವರನ್ನೇ ಬೇಡವೆಂದ ಹಾಗೆ.

ಲೋಟ ಕೆಳಗಿಟ್ಟ ಮೇಲೆ ಪಾಠ. "ನಿಮ್ಮ ಕೊರಳಲ್ಲೊಂದು ಒಲೆ ಇದೆ. ಅದು ಮಂಕಾಗಿದೆ, ಅದಕ್ಕೇ ಮೈ ತಣ್ಣಗೆ, ಕಾಲು ಭಾರ. ಈ ಗುಳಿಗೆ ಸೌದೆ ಇದ್ದ ಹಾಗೆ. ಇವತ್ತು ಹಾಕಿದ್ರೆ ನಾಳೆನೇ ಮನೆ ಬೆಚ್ಚಗಾಗಲ್ಲ, ವಾರಗಟ್ಟಲೆ ಕಾಯ್ಬೇಕು. ಬೆಚ್ಚಗಾಯ್ತು ಅಂತ ಹಾಕೋದು ನಿಲ್ಲಿಸೋ ಹಾಗೂ ಇಲ್ಲ."

ಔಷಧದಂಗಡಿಯ ಗಲ್ಲಾದ ಹಿಂದೆ ಕೂತು ಜನರ ಮೇಲೆ ರೇಗುವುದೇ ಕಸುಬಾಗಿಹೋದ ನನಗೆ ಈ ತಾಳ್ಮೆ ಅರ್ಥವಾಗುತ್ತಿರಲಿಲ್ಲ. ಒಬ್ದೂಲಿಯಾಳ ಪ್ರಸಂಗದ ನಂತರವೇ ಅರ್ಥವಾದದ್ದು.

ಒಬ್ದೂಲಿಯಾ ತನ್ನ ಗಂಡ ಎಲಿಯೇಸರ್‌ನನ್ನು ಬೈದರೆ ಕಣಿವೆಯ ಆಚೆ ದಡಕ್ಕೂ ಕೇಳುತ್ತಿತ್ತು. ಅಂಥವಳ ದನಿ ಕರ್ಕಶವಾಗಿ, ಕುಗ್ಗಿ, ಕೊನೆಗೆ ಇಲ್ಲವೆನ್ನುವಷ್ಟಾಯಿತು, ಮುಖ ಊದಿತು, ಹಗಲೆಲ್ಲ ಕಂಬಳಿ ಹೊದ್ದು ಬಿಸಿಲಿನಲ್ಲಿ ಕೂತಿರುತ್ತಿದ್ದಳು. ಗುಳಿಗೆ ಶುರುವಾಗಿ ತಿಂಗಳುಗಳೇ ಕಳೆದಿದ್ದವು. ಡಾಕ್ಟರು ಪ್ರಮಾಣ ಹೆಚ್ಚಿಸುತ್ತ ಹೋದರೂ ಗುಣ ಕಾಣಲಿಲ್ಲ. ಒಂದು ದಿನ ಎಲಿಯೇಸರ್ ಅಂಗಡಿಗೆ ಬಂದು ಟೋಪಿ ಹಿಂಡುತ್ತ ನಿಂತ.

"ವರ್ಷದಿಂದ ಒಂದ್ ಸಲಾನೂ ಬೈದಿಲ್ಲ ನನ್ನನ್ನ. ನನ್ನ ಕೈ ಬಿಟ್ಟು ಹೋಗ್ಬಿಡ್ತಾಳೇನೋ ಅಂತ ಭಯ ಆಗ್ತಿದೆ."

ಹತ್ತಿ ಕೊಳ್ಳಲು ಬಂದಿದ್ದ ರೊಸ್ಮೀರಾ ತಿರುಗಿದರು. "ಬೆಳಿಗ್ಗೆ ಬಾಯಿಗೆ ಮೊದಲು ಏನು ಬೀಳುತ್ತೆ ಅವಳಿಗೆ?"

"ಗುಳಿಗೆನೇ, ನರ್ಸಮ್ಮ. ನಾನೇ ಕೈಯಾರೆ ಕೊಡ್ತೀನಿ. ನೀವು ಹೇಳಿದ ಹಾಗೆ ನೀರಿನ ಜೊತೆ."

ಮಾರನೆಯ ಬೆಳಿಗ್ಗೆ ನಾನೂ ರೊಸ್ಮೀರಾರೂ ನನ್ನ ಜೀಪಿನಲ್ಲೇ ಆ ಗಂಡಹೆಂಡಿರ ಮನೆಗೆ ಹೋದೆವು. ಎಲಿಯೇಸರ್ ಬೆಲ್ಲದ ನೀರು ಕುದಿಸಿ, ಕಾಫಿ ಪುಡಿ ಹಾಕಿ ಸೋಸಿ, ತಟ್ಟೆಯಂಚಿನಲ್ಲಿ ಗುಳಿಗೆಯಿಟ್ಟು, ಮದುವೆಯಾದ ಮರುದಿನದಿಂದ ಮಾಡಿಕೊಂಡು ಬಂದಂತೆ ಹೆಂಡತಿಯ ಹಾಸಿಗೆಗೆ ಒಯ್ದ.

"ಇದೇನಾ ನಿನ್ನ ನೀರು?" ಎಂದರು ರೊಸ್ಮೀರಾ.

"ನೀರಲ್ಲೇ ಕುದಿಸಿದ್ದಲ್ವಾ? ಹೊತ್ತಾರೆ ತಣ್ಣೀರು ಕುಡಿಸಿದ್ರೆ ಶೀತ ಎದೆಗಿಳಿಯಲ್ವಾ?"

ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಒಬ್ದೂಲಿಯಾ ಪಿಸುಗುಟ್ಟಿದಳು: "ಅವನನ್ನ ಬೈಬೇಡಿ, ನರ್ಸಮ್ಮ. ಕಾಫಿ ಜೊತೆ ನುಂಗಿದ್ರೆ ಗುಳಿಗೆ ಮೈಗೆ ಹತ್ತಲ್ಲ ಅಂತ ನೀವು ಹೇಳಿದ್ದು ನಂಗೆ ನೆನಪಿದೆ. ಆದ್ರೆ ಬಾಯ್ಬಿಟ್ಟು ಒಂದು ಪ್ರೀತಿ ಮಾತು ಅವನಿಗೆ ಬರಲ್ಲ. ಇದೊಂದು ಲೋಟದಲ್ಲೇ ಎಲ್ಲಾ ಹೇಳ್ತಾನೆ. ಬೇಡ ಅಂತ ಹೆಂಗನ್ನಲಿ?"

ರೊಸ್ಮೀರಾ ಆ ಕಾಫಿಯನ್ನು ತಮ್ಮ ತಗಡಿನ ಲೋಟಕ್ಕೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದು ಮುಗಿಸಿದರು. "ಚೆನ್ನಾಗಿದೆ. ಎಲಿಯೇಸರ್, ಇನ್ಮೇಲೆ ಎರಡು ಸಲ ಬಾ. ಎದ್ದ ಕೂಡಲೇ ಗುಳಿಗೆ, ಬೆಚ್ಚಗಿನ ನೀರು. ಹಾಲು ಕರೆದು, ಕೋಳಿ ಬಿಟ್ಟು, ಅರೆಪಾ ರೊಟ್ಟಿ ಸುಟ್ಟಾದ ಮೇಲೆ ಕಾಫಿ. ನಡುವೆ ಒಂದು ಗಂಟೆ ಬಿಡಬೇಕು."

"ನೀರಿಗೆ ಚೂರು ಬೆಲ್ಲ?"

"ಬೆಲ್ಲಾನೂ ಬೇಡ."

"ಬರೀ ನೀರು ಕೊಡೋಕೆ ನಾಚಿಕೆ ಆಗುತ್ತೆ, ನರ್ಸಮ್ಮ."

"ಕೊಟ್ಟು ಓಡಿ ಹೋಗ್ಬೇಡ. ಅವಳ ಪಕ್ಕ ಸ್ವಲ್ಪ ಕೂತ್ಕೋ. ನಾಚಿಕೆ ಹೋಗುತ್ತೆ."

ಹೊರಡುವಾಗ, ಪ್ರಮಾಣ ಹೆಚ್ಚಾಗಿರುವ ಗುಳಿಗೆ ಇನ್ನು ಪೂರ್ತಿ ಮೈಗೆ ಹತ್ತುವುದರಿಂದ ಎದೆ ಹೊಡೆದುಕೊಂಡರೆ, ಕೈ ನಡುಗಿದರೆ ಕೂಡಲೇ ಬರಬೇಕೆಂದು ಇಬ್ಬರ ಬಾಯಲ್ಲೂ ಹೇಳಿಸಿದರು. ಅದೇ ಮಧ್ಯಾಹ್ನ ಡಾಕ್ಟರಿಗೆ ಎಲ್ಲವನ್ನೂ ತಿಳಿಸಿ ಪ್ರಮಾಣ ತಗ್ಗಿಸಿದ ಹೊಸ ಚೀಟಿಯನ್ನೂ ಬರೆಸಿಕೊಂಡು ಬಂದರು.

ಕಾಫಿ ಕೊಯ್ಲು ಮುಗಿಯುತ್ತಿದ್ದ ಒಂದು ಭಾನುವಾರ, ಸಂತೆಯ ಗದ್ದಲವನ್ನೆಲ್ಲ ಸೀಳಿಕೊಂಡು ಒಂದು ದನಿ ಬಂತು: "ಏಯ್ ಎಲಿಯೇಸರ್! ಬಾಳೆಗೊನೆ ಹಾಗಾ ಎತ್ತೋದು? ಕಣ್ಣೇನು ಮನೇಲಿಟ್ಟು ಬಂದಿದ್ದೀಯಾ?" ಚೌಕದ ನಡುವೆ ಎಲಿಯೇಸರ್ ಗೊನೆಯನ್ನು ಕೆಳಗಿಟ್ಟ, ಟೋಪಿ ತೆಗೆದು ಎದೆಗೊತ್ತಿಕೊಂಡ, ಮತ್ತು ಊರೆಲ್ಲ ನೋಡುತ್ತಿರುವಂತೆಯೇ ಅತ್ತ. ನನಗೂ ಕಣ್ಣು ತುಂಬಿತು.

"ಬಾಯಿಗೆ ಮೊದಲು ಏನು ಬಿತ್ತು?" ಎಂದರು ಅಡ್ಡಡ್ಡ ಹೆಜ್ಜೆಯಲ್ಲಿ ಇಳಿದು ಬಂದ ರೊಸ್ಮೀರಾ.

"ನೀರು, ನರ್ಸಮ್ಮ. ಇವನು ಪಕ್ಕದಲ್ಲೇ ಕೂತಿರ್ತಾನೆ. ಮಾತಾಡೋದು ಬೇರೆ ಕಲ್ತಿದ್ದಾನೆ, ಕಾಫಿ ಬರೋ ತನಕ ತಲೆ ತಿಂತಾನೆ!"

ರೋಗಿಗೆ ಒಳ್ಳೆಯದಾಗಲೆಂದು ಅವರ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವವರನ್ನು ಬಹಳ ಕಂಡಿದ್ದೇನೆ. ನಾನೂ ಆ ಜಾತಿಯವನೇ. ರೊಸ್ಮೀರಾರಂಥವರು ವಿರಳ. ಅವರು ಮೊದಲು ಆ ಲೋಟದಲ್ಲಿ ಏನಿದೆಯೆಂದು ತಾವೇ ಕುಡಿದು ನೋಡುತ್ತಾರೆ; ಅದರಲ್ಲಿ ಪ್ರೀತಿಯಿದೆಯೆಂದು ಗೊತ್ತಾದರೆ ಚೆಲ್ಲುವುದಿಲ್ಲ, ಒಂದು ಗಂಟೆ ಆಚೆಗೆ ಸರಿಸಿಡುತ್ತಾರೆ.